ನೋವು ಸುಳ್ಳಲ್ಲ, ತಪ್ಪು ನಿಮ್ಮದಲ್ಲ

ಪ್ರಶ್ನೆ: ನನಗೆ 57 ವರ್ಷ. ನಾಲ್ಕು ತಿಂಗಳ ಹಿಂದೆ ಬಲಗಡೆ ಬೆನ್ನಿನಿಂದ ಎದೆಯ ಕೆಳಗಿನವರೆಗೆ ಉರಿ ಶುರುವಾಯಿತು. ಉಳುಕಿರಬೇಕೆಂದು ಮುಲಾಮು ತಿಕ್ಕಿಕೊಂಡೆ. ಮೂರು ದಿನ ಕಳೆದ ಮೇಲೆ ನೀರುಗುಳ್ಳೆ ಎದ್ದವು. ಅತ್ತೆ ನೋಡಿ ‘ಸರ್ಪಸುತ್ತು’ ಎಂದರು. ಮಂತ್ರ ಹಾಕಿಸಿದೆವು, ಕೆಮ್ಮಣ್ಣು ಹಚ್ಚಿದೆವು. ಕಡಿಮೆಯಾಗದೆ, ಗುಳ್ಳೆ ಎದ್ದ ಐದನೆಯ ದಿನ ಆಸ್ಪತ್ರೆಗೆ ಹೋದೆವು. ಮಾತ್ರೆ ನುಂಗಿದ ಮೇಲೆ ಗುಳ್ಳೆ ಒಣಗಿದವು, ಉರಿ ಮಾತ್ರ ಹೋಗಿಲ್ಲ. ರವಿಕೆ ತಾಗಿದರೆ ತಡೆಯಲಾಗುವುದಿಲ್ಲ. ರಾತ್ರಿ ಫ್ಯಾನಿನ ಗಾಳಿಯೂ ಚುಚ್ಚುತ್ತದೆ. ‘ಗಾಯ ಮಾಯ್ದಿದೆ, ಇನ್ನೆಂಥ ನೋವು?’ ಎನ್ನುತ್ತಾರೆ ಮನೆಯವರು. ಮನೆ ಕಟ್ಟುವಾಗ ಹಿತ್ತಲಿನ ಹುತ್ತ ಅಗೆಸಿದ್ದೆವು. ಅಗೆಸೋಣ ಎಂದು ಹಟ ಹಿಡಿದವಳು ನಾನೇ. ಅದರ ದೋಷ ಇದು ಎಂದು ಅತ್ತೆ ಹೇಳುತ್ತಾರೆ. ಮುಂದಿನ ತಿಂಗಳು ಮಗಳು ಚೊಚ್ಚಲ ಹೆರಿಗೆಗೆ ಬರುತ್ತಿದ್ದಾಳೆ. ಅವಳನ್ನು, ಹುಟ್ಟುವ ಮಗುವನ್ನು ನಾನು ಮುಟ್ಟಬಹುದೇ? ಯಜಮಾನರಿಗೆ 62, ಸಕ್ಕರೆ ಕಾಯಿಲೆ ಇದೆ. ಇದಕ್ಕೆ ಲಸಿಕೆ ಬಂದಿದೆ, ಇಬ್ಬರೂ ಹಾಕಿಸಿಕೊಳ್ಳಿ ಎಂದು ಬೆಂಗಳೂರಿನಿಂದ ಮಗ ಹೇಳುತ್ತಾನೆ. ‘ಒಮ್ಮೆ ಬಂದದ್ದು ಮತ್ತೆ ಬರಲ್ಲ, ನನಗಂತೂ ಬರಲ್ಲ’ ಎನ್ನುತ್ತಾರೆ ಯಜಮಾನರು. ಕೆಲವು ರಾತ್ರಿ ಈ ಜೀವ ಯಾಕಾದರೂ ಇದೆಯೋ ಅನಿಸಿಬಿಡುತ್ತದೆ.
– ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ನೋವುಗಳಿವೆ. ಒಂದು ಮೈಯದು, ಇನ್ನೊಂದು ಮನಸ್ಸಿನದು. ಮೈಯ ನೋವನ್ನು ಯಾರೂ ನಂಬುತ್ತಿಲ್ಲ. ಮನಸ್ಸಿನ ನೋವನ್ನು ನೀವು ಯಾರಿಗೂ ಹೇಳಿಕೊಂಡಿಲ್ಲ. ನಾಲ್ಕು ತಿಂಗಳು ಸರಿಯಾಗಿ ನಿದ್ದೆಯಿಲ್ಲದೆ, ‘ನನ್ನಿಂದಲೇ ಆಯಿತೇನೋ’ ಎಂಬ ಅಳುಕು ಹೊತ್ತುಕೊಂಡು, ಮನೆಗೆಲಸವನ್ನೂ ಬಿಡದೆ ನಡೆಸಿಕೊಂಡು ಬಂದಿದ್ದೀರಿ. ಯಾರಿಗಾದರೂ ಜೀವ ಬೇಸತ್ತು ಹೋಗುವಂಥ ದಿನಗಳಿವು. ನೀವು ದುರ್ಬಲರಲ್ಲ, ಅತಿಯಾಗಿ ಆಡುತ್ತಲೂ ಇಲ್ಲ.

ಮೊದಲಿಗೆ ನಿಮ್ಮ ಉರಿಯ ವಿಷಯ. ಹೊರಗಿನ ಚರ್ಮ ಮಾಯ್ದ ಮೇಲೂ ಒಳಗಿನ ನರ ಮಾಯದೆ ಇರಬಹುದು. ಸರ್ಪಸುತ್ತು ಎದ್ದು ಮೂರು ತಿಂಗಳು ದಾಟಿದರೂ ಉಳಿಯುವ ಇಂಥ ನೋವನ್ನು ವೈದ್ಯರು ಪ್ರತ್ಯೇಕ ತೊಂದರೆಯೆಂದೇ ಗುರುತಿಸುತ್ತಾರೆ. ಅದಕ್ಕೆ ಹೆಸರಿದೆ, ಚಿಕಿತ್ಸೆಯೂ ಇದೆ. ಸರ್ಪಸುತ್ತು ಬಂದವರಲ್ಲಿ ನೂರಕ್ಕೆ 10ರಿಂದ 18 ಮಂದಿಗೆ ಹೀಗಾಗುತ್ತದೆ. ವಯಸ್ಸು ಏರಿದಷ್ಟೂ ಇದರ ಸಾಧ್ಯತೆ ಹೆಚ್ಚು. ಮೇಲಿನ ಪ್ಲಾಸ್ಟಿಕ್ ಸುಲಿದುಹೋದ ವೈರು ಏನು ತಾಗಿದರೂ ಕಿಡಿ ಹಾರಿಸುತ್ತದಲ್ಲ, ಪೆಟ್ಟು ತಿಂದ ನರದ ಪಾಡೂ ಅದೇ. ಬಟ್ಟೆ ತಾಗಿದ್ದನ್ನೂ ಗಾಳಿ ಸೋಕಿದ್ದನ್ನೂ ಅದು ಮೆದುಳಿಗೆ ‘ಉರಿ’ ಎಂದೇ ತಿಳಿಸುತ್ತದೆ. ಕಣ್ಣಿಗೆ ಕಾಣದ ನೋವಾದ್ದರಿಂದ ಮನೆಯವರಿಗೆ ಅರ್ಥವಾಗಿಲ್ಲ. ಈ ಪುಟವನ್ನು ಅವರ ಕೈಗೆ ಕೊಡಿ. ನೀವು ಹೇಳಿದ ಎರಡು ಗುರುತುಗಳು, ರವಿಕೆ ತಾಗದಿರುವುದು ಮತ್ತು ಫ್ಯಾನಿನ ಗಾಳಿ ಚುಚ್ಚುವುದು, ನರದ ನೋವಿಗೆ ವೈದ್ಯರು ಕೇಳಿ ತಿಳಿಯುವ ಗುರುತುಗಳೇ.

ಇನ್ನು ಹುತ್ತದ ಮಾತು. ಇದನ್ನು ನಾನು ತಳ್ಳಿಹಾಕುವುದಿಲ್ಲ. ಏಕೆಂದರೆ ನಿಮ್ಮನ್ನು ರಾತ್ರಿ ಎಬ್ಬಿಸಿ ಕೂರಿಸುವುದು ಉರಿಯಷ್ಟೇ ಅಲ್ಲ, ಈ ಅಳುಕೂ ಹೌದು. ಆದರೆ ಈ ಕಾಯಿಲೆ ಎಲ್ಲಿಂದ ಬಂತು ಎಂಬುದನ್ನು ಒಮ್ಮೆ ನಿಧಾನವಾಗಿ ನೋಡಿ.

ಚಿಕ್ಕಂದಿನಲ್ಲಿ ನಿಮಗೆ ‘ಅಮ್ಮ’ ಬಂದಿರಬೇಕು. ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ಒಗ್ಗರಣೆ ಹಾಕದೆ ಅಡುಗೆ ಮಾಡುತ್ತಿದ್ದರಲ್ಲ, ಅದೇ ಚಿಕನ್‌ಪಾಕ್ಸ್. ಮೈಮೇಲಿನ ಗುಳ್ಳೆಗಳು ಒಣಗಿ ಹೋದವು. ಆದರೆ ಅದನ್ನು ತಂದ ವೈರಾಣು ಮೈಬಿಟ್ಟು ಹೋಗಲಿಲ್ಲ. ಬೆನ್ನುಹುರಿಯ ಪಕ್ಕದಲ್ಲಿರುವ ನರದ ಗಂಟುಗಳಲ್ಲಿ ಸದ್ದಿಲ್ಲದೆ ಉಳಿದುಕೊಂಡಿತು. ಅಂದಿನಿಂದ ಇಷ್ಟು ವರ್ಷ ನಿಮ್ಮ ದೇಹದ ರೋಗನಿರೋಧಕ ಶಕ್ತಿ ಅದನ್ನು ತಡೆದು ಹಿಡಿದಿತ್ತು. 50 ದಾಟಿದ ಮೇಲೆ ಆ ಹಿಡಿತ ತಾನಾಗಿಯೇ ಸಡಿಲವಾಗುತ್ತ ಬರುತ್ತದೆ. ಆಗ ವೈರಾಣು ಎಚ್ಚೆತ್ತು, ಒಂದು ನರದ ಉದ್ದಕ್ಕೂ ಇಳಿದು ಚರ್ಮಕ್ಕೆ ಬರುತ್ತದೆ. ಇಂಗ್ಲೆಂಡಿನ ಸಿರೆನ್ಸೆಸ್ಟರ್ ಎಂಬ ಊರಿನ ಸಾಮಾನ್ಯ ವೈದ್ಯ ಹೋಪ್ ಸಿಂಪ್ಸನ್ ವರ್ಷಗಟ್ಟಲೆ ತಮ್ಮ ರೋಗಿಗಳನ್ನು ಗಮನಿಸಿ, ಸರ್ಪಸುತ್ತು ಹೊರಗಿನಿಂದ ಹೊಸದಾಗಿ ಅಂಟುವ ರೋಗವಲ್ಲ, ಒಳಗೇ ಉಳಿದಿದ್ದ ವೈರಾಣು ಮತ್ತೆ ಎದ್ದದ್ದು ಎಂದು 1965ರಲ್ಲಿ ವಿವರಿಸಿದರು. ಮುಂದಿನ ಸಂಶೋಧನೆಗಳು ಅದನ್ನೇ ಖಚಿತಪಡಿಸಿದವು. ಅಮೆರಿಕದ ಲೆಕ್ಕದಂತೆ ಪ್ರತಿ ಮೂವರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ಅವರಾರೂ ಹುತ್ತ ಅಗೆದವರಲ್ಲ. ನಿಮ್ಮ ಮೈಯಲ್ಲಿ ಎದ್ದ ವೈರಾಣು ನೀವು ಆ ಮನೆಗೆ ಕಾಲಿಡುವ ಎಷ್ಟೋ ವರ್ಷ ಮೊದಲೇ ನಿಮ್ಮೊಳಗಿತ್ತು.

ಸರ್ಪದ ತಲೆ ಬಾಲ ಕೂಡಿದರೆ ಜೀವಕ್ಕೆ ಅಪಾಯ ಎಂಬ ಮಾತನ್ನೂ ನೀವು ಕೇಳಿರುತ್ತೀರಿ. ಬೆನ್ನುಹುರಿಯಿಂದ ಎಡಕ್ಕೊಂದು ಬಲಕ್ಕೊಂದರಂತೆ 31 ಜೋಡಿ ನರಗಳು ಹೊರಡುತ್ತವೆ. ಬಲಗಡೆಯ ನರ ಮೈಯ ಬಲಭಾಗಕ್ಕೆ ಮಾತ್ರ. ಆದ್ದರಿಂದಲೇ ಗುಳ್ಳೆಗಳು ಬೆನ್ನಿನ ನಡುವಿನಿಂದ ಹೊರಟು ಪಟ್ಟಿಯಂತೆ ಸುತ್ತಿ, ಎದೆಯ ಅಥವಾ ಹೊಟ್ಟೆಯ ನಡುಗೆರೆಗೆ ಬಂದು ನಿಂತುಬಿಡುತ್ತವೆ. ನಿಮಗೂ ಹಾಗೆಯೇ ಆಗಿದೆ. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಲ್ಲಿ ಮಾತ್ರ ಗುಳ್ಳೆಗಳು ಮೈತುಂಬ ಹರಡಬಹುದು. ಅಂಥವರನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ನಿಮ್ಮ ಗುಳ್ಳೆಗಳು ಒಣಗಿ ತಿಂಗಳುಗಳೇ ಕಳೆದಿವೆ. ಆ ಭಯವನ್ನು ಇಲ್ಲಿಗೇ ಬಿಡಿ.

ಅತ್ತೆಯವರ ಮೇಲೆ ಸಿಟ್ಟು ಬೇಡ. ಸೊಸೆಯ ಸಂಕಟ ನೋಡಲಾರದೆ, ತಮಗೆ ತಿಳಿದ ದಾರಿಯನ್ನು ಹಿಡಿದಿದ್ದಾರೆ. ನಾಗಪೂಜೆ ಮಾಡಿದರೆ, ಕುಕ್ಕೆಗೋ ಘಾಟಿಗೋ ಹೋಗಿಬಂದರೆ ಮನಸ್ಸಿಗೆ ಸಮಾಧಾನ ಎನಿಸಿದರೆ ಹೋಗಿಬನ್ನಿ. ಮೈಯಲ್ಲಿ ಶಕ್ತಿ ಬಂದ ಮೇಲೆ, ಸಾಲ ಮಾಡದೆ, ಮಾತ್ರೆ ಬಿಡದೆ ಹೋಗಿ. ‘ಅತ್ತೆ, ನಿಮ್ಮ ಪೂಜೆಯೂ ಇರಲಿ, ಡಾಕ್ಟರ ಮಾತ್ರೆಯೂ ಇರಲಿ. ನನ್ನಿಂದ ಆಯಿತು ಅನ್ನಬೇಡಿ, ಅದು ನನಗೆ ಉರಿಗಿಂತ ಹೆಚ್ಚು ನೋಯುತ್ತೆ’ ಎಂದು ಒಂದು ಸಂಜೆ ಹತ್ತಿರ ಕೂತು ಹೇಳಿ. ಹಿರಿಯರು ಇಂಥ ಮಾತಿಗೆ ಸಾಮಾನ್ಯವಾಗಿ ಕರಗುತ್ತಾರೆ.

‘ಮೊದಲ ದಿನವೇ ಆಸ್ಪತ್ರೆಗೆ ಹೋಗಿದ್ದರೆ’ ಎಂಬ ಕೊರಗೂ ನಿಮ್ಮೊಳಗೆ ಇರಬಹುದು. ಬೇಗ ಹೋಗುವುದು ಒಳ್ಳೆಯದೇ. ಬೇಗ ಶುರುಮಾಡಿದ ಮಾತ್ರೆಯಿಂದ ಗುಳ್ಳೆ ಬೇಗ ಒಣಗುತ್ತವೆ, ಆಗಿನ ನೋವಿನ ತೀವ್ರತೆಯೂ ತಗ್ಗುತ್ತದೆ. ಆದರೆ ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಂಡವರಲ್ಲೂ ಕೆಲವರಿಗೆ ನಿಮ್ಮಂತೆಯೇ ಉರಿ ಉಳಿಯುತ್ತದೆ. ಆದ್ದರಿಂದ ಆ ಕೆಲವು ದಿನಗಳನ್ನು ಹಿಡಿದುಕೊಂಡು ನಿಮ್ಮನ್ನು ನೀವೇ ಶಿಕ್ಷಿಸಿಕೊಳ್ಳಬೇಡಿ.

ಈಗ ಮಾಡಬೇಕಾದ ಕೆಲಸಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ನೋವಿನ ಚಿಕಿತ್ಸೆ. ಗುಳ್ಳೆಗೆ ಮಾತ್ರೆ ಕೊಟ್ಟ ವೈದ್ಯರ ಬಳಿಗೇ ಮತ್ತೆ ಹೋಗಿ ‘ಗುಳ್ಳೆ ಹೋಗಿ ತಿಂಗಳುಗಳಾದರೂ ಉರಿ ಹೋಗಿಲ್ಲ, ನಿದ್ದೆ ಇಲ್ಲ’ ಎಂದು ಸ್ಪಷ್ಟವಾಗಿ ಹೇಳಿ. ಹೋಗುವ ಮೊದಲು ಒಂದು ವಾರ ಚೀಟಿಯಲ್ಲಿ ಬರೆದಿಡಿ: ಉರಿ ಯಾವ ಹೊತ್ತಿಗೆ ಹೆಚ್ಚುತ್ತದೆ, ಏನು ತಾಗಿದರೆ ಹೆಚ್ಚುತ್ತದೆ, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ. ಇಂಥ ನೋವಿಗೆ ಸಾಮಾನ್ಯ ನೋವಿನ ಮಾತ್ರೆ ಅಷ್ಟಾಗಿ ಕೇಳುವುದಿಲ್ಲ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆಗಳನ್ನು ವೈದ್ಯರು ಕೊಡಬಹುದು, ಮರಗಟ್ಟಿಸುವ ಪಟ್ಟಿಯನ್ನೋ ಮುಲಾಮನ್ನೋ ಬರೆಯಬಹುದು. ಇವುಗಳಲ್ಲಿ ಕೆಲವನ್ನು ಫಿಟ್ಸ್‌ಗೆ, ಖಿನ್ನತೆಗೆ ಕೂಡ ಕೊಡುತ್ತಾರೆ. ಔಷಧದಂಗಡಿಯಲ್ಲಿ ಯಾರೋ ಹಾಗೆ ಹೇಳಿದ ಮಾತ್ರಕ್ಕೆ ಗಾಬರಿಯಾಗಿ ನಿಲ್ಲಿಸಬೇಡಿ. ನರದ ನೋವಿಗೂ ಇವೇ ಔಷಧಗಳು. ಸಣ್ಣ ಪ್ರಮಾಣದಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ, ಗುಣ ಕಾಣಲು ಕೆಲವು ವಾರಗಳೇ ಬೇಕು. ಆರಂಭದಲ್ಲಿ ಮಂಪರು, ತಲೆಸುತ್ತು ಇರಬಹುದು, ಆದ್ದರಿಂದ ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಎಚ್ಚರಿಕೆ. ಮೂತ್ರಪಿಂಡ, ಹೃದಯ ಅಥವಾ ಕಣ್ಣಿನ ಒತ್ತಡದ ತೊಂದರೆ ಇದ್ದರೆ ಮೊದಲೇ ಹೇಳಿ. ನೀವಾಗಿ ಕೊಂಡು ನುಂಗಬೇಡಿ, ಥಟ್ಟನೆ ನಿಲ್ಲಿಸಲೂ ಬೇಡಿ. ಇದರಿಂದ ಸಾಕಷ್ಟು ಗುಣ ಕಾಣದಿದ್ದರೆ ನೋವು ಚಿಕಿತ್ಸಾ ವಿಭಾಗವಿರುವ ದೊಡ್ಡ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಮನೆಯಲ್ಲಿ ಸಡಿಲವಾದ, ತೊಳೆದು ತೊಳೆದು ಮೆತ್ತಗಾದ ಹತ್ತಿಯ ಬಟ್ಟೆ ಹಾಕಿಕೊಳ್ಳಿ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಇಟ್ಟರೆ ಹಿತವೆನಿಸಿದರೆ ಇಟ್ಟುಕೊಳ್ಳಿ. ಹೆಚ್ಚಿನವರಲ್ಲಿ ಈ ಉರಿ ಕಾಲ ಕಳೆದಂತೆ ತಗ್ಗುತ್ತ ಹೋಗುತ್ತದೆ.

ಎರಡನೆಯದು, ಮಗಳು ಮತ್ತು ಮಗು. ನಿಮಗೆ ಸಮಾಧಾನ ಕೊಡುವ ಉತ್ತರವೇ ಇದೆ: ಮುಟ್ಟಬಹುದು. ಸರ್ಪಸುತ್ತು ಇದ್ದವರಿಂದ ಇನ್ನೊಬ್ಬರಿಗೆ ಸರ್ಪಸುತ್ತು ಅಂಟುವುದಿಲ್ಲ. ಗುಳ್ಳೆ ಹಸಿಯಾಗಿದ್ದಾಗ ಅದರೊಳಗಿನ ನೀರು ತಾಗಿದರೆ, ಹಿಂದೆ ಚಿಕನ್‌ಪಾಕ್ಸ್ ಬಾರದ, ಅದರ ಲಸಿಕೆಯೂ ಆಗದವರಿಗೆ ಚಿಕನ್‌ಪಾಕ್ಸ್ ಬರಬಹುದು. ಗುಳ್ಳೆಗಳೆಲ್ಲ ಹಕ್ಕುಗಟ್ಟಿ ಒಣಗಿದ ಮೇಲೆ ಆ ಅಪಾಯವೂ ಇಲ್ಲ. ನಿಮ್ಮಲ್ಲಿ ಈಗ ಉಳಿದಿರುವುದು ನೋವು ಮಾತ್ರ, ನೋವು ಯಾರಿಗೂ ಅಂಟುವುದಿಲ್ಲ. ಮಗಳ ತಲೆಗೆ ಎಣ್ಣೆ ಹಚ್ಚಬಹುದು, ಮೊಮ್ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಬಹುದು. ನೋವು ಹೆಚ್ಚಿರುವ ದಿನ ಆ ಕೆಲಸವನ್ನು ಬೇರೆಯವರಿಗೆ ಬಿಡಿ. ಅದು ಮಗುವಿನ ಸಲುವಾಗಿ ಅಲ್ಲ, ನಿಮ್ಮ ಮೈಗೆ ಬಿಡುವು ಬೇಕೆಂದು. ಮಗಳಿಗೆ ಚಿಕನ್‌ಪಾಕ್ಸ್ ಬಂದಿತ್ತೇ ಅಥವಾ ಲಸಿಕೆ ಆಗಿತ್ತೇ ಎಂದು ಅವಳ ಹೆರಿಗೆ ವೈದ್ಯರಿಗೆ ತಿಳಿಸಿರಲಿ. ಮುಂದೆ ಎಂದಾದರೂ ನಿಮಗೆ ಹೊಸ ಗುಳ್ಳೆ ಎದ್ದರೆ ಮಾತ್ರ, ವೈದ್ಯರು ನೋಡುವವರೆಗೆ ಆ ಜಾಗ ಮುಚ್ಚಿಕೊಂಡು, ಬಸುರಿಯರಿಂದ ಮತ್ತು ಎಳೆಗೂಸಿನಿಂದ ದೂರವಿರಿ.

ಮೂರನೆಯದು, ಲಸಿಕೆ. ಮಗ ಹೇಳಿದ್ದು ನಿಜ. ಸರ್ಪಸುತ್ತು ತಡೆಯುವ ಶಿಂಗ್ರಿಕ್ಸ್ ಎಂಬ ಲಸಿಕೆಗೆ 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, 2023ರಿಂದ ಅದು ನಮ್ಮ ದೇಶದಲ್ಲೂ ದೊರೆಯುತ್ತಿದೆ. ಮುಖ್ಯವಾಗಿ 50 ವರ್ಷ ದಾಟಿದವರಿಗೆಂದು ಇರುವ ಲಸಿಕೆ. ಒಂದು ಸೀಸೆಯಲ್ಲಿ ಪುಡಿ, ಇನ್ನೊಂದರಲ್ಲಿ ದ್ರವ ಇರುತ್ತದೆ. ಎರಡನ್ನೂ ಆಗಲೇ ಕಲಸಿ ತೋಳಿನ ಮೇಲ್ಭಾಗದ ಸ್ನಾಯುವಿಗೆ ಕೊಡುತ್ತಾರೆ. ಎರಡು ಡೋಸು, ನಡುವೆ ಎರಡರಿಂದ ಆರು ತಿಂಗಳ ಅಂತರ. ಒಂದೇ ಡೋಸಿಗೆ ನಿಲ್ಲಿಸಿದರೆ ಪೂರ್ತಿ ರಕ್ಷಣೆ ಸಿಗುವುದಿಲ್ಲ. ಇದರಲ್ಲಿ ಜೀವಂತ ವೈರಾಣು ಇಲ್ಲ, ಅದರ ಹೊರಮೈಯ ಒಂದು ಪ್ರೋಟೀನು ಮಾತ್ರ ಇದೆ. ಹಾಗಾಗಿ ಲಸಿಕೆಯಿಂದಲೇ ಸರ್ಪಸುತ್ತು ಬಂದೀತೆಂಬ ಭಯ ಬೇಡ. 50 ದಾಟಿದವರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಇದು ನೂರಕ್ಕೆ 97ರಷ್ಟು, 70 ದಾಟಿದವರಲ್ಲಿ 90ರ ಆಸುಪಾಸು ರಕ್ಷಣೆ ಕೊಟ್ಟಿತು.

ಲಸಿಕೆಯ ಬಳಿಕ ತೋಳು ನೋವು, ಸುಸ್ತು, ಮೈಕೈ ನೋವು, ಚಳಿ, ಸಣ್ಣ ಜ್ವರ ಬರುವುದು ಸಾಮಾನ್ಯ, ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ಮನೆಯಲ್ಲಿ ಹಬ್ಬ, ಮದುವೆ ಇರುವ ವಾರ ಹಾಕಿಸಿಕೊಳ್ಳದಿದ್ದರಾಯಿತು. ತೀರಾ ಅಪರೂಪಕ್ಕೆ, ಹತ್ತು ಲಕ್ಷ ಡೋಸುಗಳಿಗೆ ಬೆರಳೆಣಿಕೆಯ ಮಂದಿಯಲ್ಲಿ, ಕೈಕಾಲು ಬಲಗುಂದಿಸುವ ಗಿಲ್ಲನ್ ಬಾರಿ ಎಂಬ ನರದ ತೊಂದರೆ ಕಂಡಿದೆ. ಹಿಂದೆ ಆ ಕಾಯಿಲೆ ಆಗಿದ್ದವರು, ಲಸಿಕೆಗಳಿಂದ ತೀವ್ರ ಅಲರ್ಜಿ ಆಗಿದ್ದವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಜ್ವರ ಇರುವಾಗ ಮುಂದೂಡಬೇಕು.

ನಿಮ್ಮ ವಿಷಯದಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಈಗಿನ ಉರಿಗೆ ಲಸಿಕೆ ಔಷಧವಲ್ಲ. ಅದು ಮುಂದೆ ಮತ್ತೆ ಬಾರದಂತೆ ತಡೆಯುವುದಕ್ಕೆ. ಒಮ್ಮೆ ಬಂದವರಲ್ಲಿ ಕೆಲವರಿಗೆ ಮತ್ತೆ ಬರುವುದುಂಟು, ಹಾಗಾಗಿ ‘ಮತ್ತೆ ಬರಲ್ಲ’ ಎಂಬ ಯಜಮಾನರ ಮಾತನ್ನು ಪೂರ್ತಿ ನಂಬಲಾಗದು. ನಿಮಗೆ ಯಾವಾಗ ಕೊಡಬಹುದೆಂದು ವೈದ್ಯರು ನಿಮ್ಮ ಸ್ಥಿತಿ ನೋಡಿ ಹೇಳುತ್ತಾರೆ, ಅವಸರವಿಲ್ಲ. ಯಜಮಾನರ ವಿಷಯ ಬೇರೆ. ಅವರಿಗೆ ವಯಸ್ಸೂ ಆಗಿದೆ, ಸಕ್ಕರೆ ಕಾಯಿಲೆಯೂ ಇದೆ. ಎರಡೂ ಸರ್ಪಸುತ್ತಿನ ಸಾಧ್ಯತೆ ಹೆಚ್ಚಿಸುತ್ತವೆ. ‘ನನಗೆ ಅಮ್ಮ ಬಂದೇ ಇಲ್ಲ’ ಎಂದು ಅವರು ಹೇಳಬಹುದು. ಚಿಕ್ಕಂದಿನಲ್ಲಿ ನಾಲ್ಕಾರು ಗುಳ್ಳೆಯೆದ್ದು ಹೋದದ್ದು ಎಷ್ಟೋ ಮಂದಿಗೆ ನೆನಪಿರುವುದಿಲ್ಲ. ಮುಂದಿನ ಸಲ ಸಕ್ಕರೆ ಪರೀಕ್ಷೆಗೆ ಹೋದಾಗ ನೀವೂ ಜೊತೆಗೆ ಹೋಗಿ, ಈ ಪ್ರಶ್ನೆಯನ್ನು ವೈದ್ಯರ ಎದುರಿಗೇ ಇಡಿ. ಮನೆಯೊಳಗಿನ ವಾದ ಅಲ್ಲಿ ಮುಗಿಯುತ್ತದೆ.

ಖರ್ಚಿನ ಮಾತನ್ನೂ ಮುಚ್ಚಿಡಬೇಕಿಲ್ಲ. ಈ ಲಸಿಕೆ ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇಲ್ಲ. ಒಂದೊಂದು ಡೋಸಿಗೂ ಸಾವಿರಾರು ರೂಪಾಯಿ ಆಗುತ್ತದೆ. ಎರಡೂ ಡೋಸಿಗೆ ಒಟ್ಟು ಎಷ್ಟು ಎಂದು ಆಸ್ಪತ್ರೆಯಲ್ಲಿ ಮೊದಲೇ ಕೇಳಿಕೊಳ್ಳಿ. ಕೈ ಬಿಗಿಯಿದ್ದರೆ ನಾನು ಹೇಳುವ ಕ್ರಮ ಇದು: ಮೊದಲು ನಿಮ್ಮ ನೋವಿನ ಚಿಕಿತ್ಸೆ, ಆಮೇಲೆ ಯಜಮಾನರ ಸಕ್ಕರೆ ಹತೋಟಿ, ಆಮೇಲೆ ಲಸಿಕೆ. ಈ ವರ್ಷ ಆಗದಿದ್ದರೆ ಮುಂದಿನ ವರ್ಷ ಹಾಕಿಸಬಹುದು. ಹಣವಿಲ್ಲದೆ ಲಸಿಕೆ ತಡವಾಯಿತೆಂಬ ಹೊಸ ತಪ್ಪಿನ ಭಾವನೆಯನ್ನು ದಯವಿಟ್ಟು ತಂದುಕೊಳ್ಳಬೇಡಿ. ಮಗ ಕಾಳಜಿಯಿಂದ ಹೇಳುತ್ತಿದ್ದಾನೆ. ಖರ್ಚು ಹೊರಲು ಮುಂದೆ ಬಂದರೆ ಸಂಕೋಚಪಡದೆ ಒಪ್ಪಿಕೊಳ್ಳಿ.

ನಾಲ್ಕನೆಯದು, ನೀವು ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ಮಾತು. ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ತಿಂಗಳುಗಟ್ಟಲೆ ನೋವು, ನಿದ್ದೆಗೇಡು, ಅಳುಕು ಒಟ್ಟಾದಾಗ ‘ಈ ಜೀವ ಯಾಕೆ’ ಎಂಬ ಯೋಚನೆ ಬರುತ್ತದೆ. ಅದು ಬಂದದ್ದಕ್ಕೆ ನಾಚಿಕೆ ಬೇಡ, ಆದರೆ ಅದನ್ನು ಒಬ್ಬರೇ ಹೊತ್ತುಕೊಳ್ಳಲೂ ಬೇಡಿ. ನೋವು ತಗ್ಗಿ ನಿದ್ದೆ ಬರತೊಡಗಿದರೆ ಎಷ್ಟೋ ಸಲ ಈ ಯೋಚನೆಯೂ ಹಿಂದೆ ಸರಿಯುತ್ತದೆ. ಅಲ್ಲಿಯವರೆಗೆ ಕಾಯಬೇಕಿಲ್ಲ. 14416ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆ ಯೋಚನೆ ಬಲವಾದ ರಾತ್ರಿ ಯಜಮಾನರನ್ನು ಎಬ್ಬಿಸಿ, ‘ಪಕ್ಕದಲ್ಲಿ ಕೂತಿರಿ’ ಎನ್ನಿ. ಅವಸರ ಎನಿಸಿದರೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ವೈದ್ಯರ ಹತ್ತಿರ ಉರಿಯ ಬಗ್ಗೆ ಹೇಳುವಾಗ ಈ ಮಾತನ್ನೂ ಹೇಳಿ. ಅದನ್ನು ಕೇಳಿ ಚಿಕಿತ್ಸೆ ಕೊಡುವುದೂ ಅವರ ಕೆಲಸವೇ.

ಈ ಅಂಕಣ ಓದುತ್ತಿರುವ ಉಳಿದವರಿಗೂ ನಾಲ್ಕು ಮಾತು. ಮೈಯ ಒಂದೇ ಪಕ್ಕದಲ್ಲಿ ಕಾರಣವಿಲ್ಲದೆ ಉರಿ, ಜುಮುಜುಮು, ಚುಚ್ಚು ಶುರುವಾಗಿ, ಕೆಲವು ದಿನಗಳಲ್ಲಿ ಅಲ್ಲೇ ಗುಳ್ಳೆ ಎದ್ದರೆ 72 ಗಂಟೆಯೊಳಗೆ ವೈದ್ಯರನ್ನು ಕಾಣಿ. ಅಸೈಕ್ಲೋವಿರ್, ವ್ಯಾಲಸೈಕ್ಲೋವಿರ್‌ನಂಥ ಮಾತ್ರೆಗಳು ಆ ಅವಧಿಯಲ್ಲಿ ಶುರುವಾದರೆ ಹೆಚ್ಚು ಫಲ ಕೊಡುತ್ತವೆ. ತಡವಾಗಿದ್ದರೂ ಹೋಗಿ. ಒಡೆದ ಗುಳ್ಳೆಯ ಮೇಲೆ ಮಣ್ಣು, ಸೊಪ್ಪಿನ ರಸ, ಸುಣ್ಣ ಹಚ್ಚಿದರೆ ಕೀವಾಗುವ ಅಪಾಯವಿದೆ. ಶುಚಿಯಾಗಿ ತೊಳೆದು ಒಣಗಿಸಿ ಮುಚ್ಚಿಟ್ಟರೆ ಸಾಕು. ಹಣೆಯ ಮೇಲೆ, ಮೂಗಿನ ತುದಿಯಲ್ಲಿ ಅಥವಾ ಕಣ್ಣಿನ ಸುತ್ತ ಗುಳ್ಳೆ ಎದ್ದರೆ ಅದೇ ದಿನ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು, ದೃಷ್ಟಿಗೇ ಧಕ್ಕೆಯಾಗಬಹುದು. ಕಿವಿಯ ಬಳಿ ಗುಳ್ಳೆಯೆದ್ದು ಮುಖ ಸೊಟ್ಟಗಾದರೂ ತಡಮಾಡಬೇಡಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಾಂಗ ಕಸಿ ಆದವರು, ಎಚ್‌ಐವಿ ಇರುವವರು, ಬಹುದಿನಗಳಿಂದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು ಇನ್ನಷ್ಟು ಎಚ್ಚರ ವಹಿಸಬೇಕು, ಲಸಿಕೆಯ ಬಗ್ಗೆಯೂ ತಮ್ಮ ವೈದ್ಯರನ್ನು ಕೇಳಬೇಕು. ಮನೆಯಲ್ಲಿ ಯಾರಾದರೂ ಗುಳ್ಳೆ ಮಾಯ್ದ ಮೇಲೂ ನೋವು ಎಂದರೆ, ನಂಬಿ.

ನಿಮಗೆ ಕೊನೆಯದಾಗಿ ಹೇಳುವುದಿಷ್ಟೆ. ಎಲ್ಲವನ್ನೂ ಒಂದೇ ದಿನ ಮಾಡಬೇಕಿಲ್ಲ. ಈ ವಾರ ಎರಡೇ ಕೆಲಸ ಇಟ್ಟುಕೊಳ್ಳಿ: ವೈದ್ಯರ ಬಳಿ ಹೋಗಿ ನೋವನ್ನು ಪೂರ್ತಿಯಾಗಿ ಹೇಳುವುದು, ಮತ್ತು ನಿಮ್ಮ ಮನಸ್ಸಿನ ಭಾರವನ್ನು ಮನೆಯ ಒಬ್ಬರ ಮುಂದಾದರೂ ಇಡುವುದು. ಲಸಿಕೆಯ ತೀರ್ಮಾನ ಅದಾದ ಮೇಲೆ ಆಗಲಿ. ಮಗಳು ಬರುವ ಹೊತ್ತಿಗೆ ಉರಿ ಪೂರ್ತಿ ಹೋಗದೆಯೂ ಇರಬಹುದು. ಆದರೆ ಚಿಕಿತ್ಸೆ ಶುರುವಾಗಿರಬೇಕು, ‘ನನ್ನಿಂದಲೇ ಆಯಿತು’ ಎಂಬ ಮಾತು ನಿಮ್ಮ ಬಾಯಿಂದ ಹೋಗಿರಬೇಕು. ಅಷ್ಟು ನಿಮ್ಮ ಕೈಯಲ್ಲಿದೆ. ದಯವಿಟ್ಟು ನಾಳೆಯೇ ಶುರುಮಾಡಿ.